ಓದದೆ ಬಿಟ್ಟ ಸಾಲುಗಳ ಸೊಗಸು

ಸಿನಾಪ್ಸ್ ಎಂಬ ಚಾಟ್ ಸರ್ವರ್‌ನ ಮೂಲ ಕೋಡಿನಲ್ಲಿ ಒಂದು ಪುಟ್ಟ ಫೈಲ್ ಇದೆ. ಅದರಲ್ಲಿ ಡೇಟಾಬೇಸ್‌ಗೆ ಕೊಟ್ಟಿರುವ ಆಜ್ಞೆ ಒಂದೇ ಒಂದು; ಆ ಆಜ್ಞೆಯ ಕೊನೆಗೆ -0.02 ಎಂಬ ಸಂಖ್ಯೆ. ಆ ಸಂಖ್ಯೆ ಎಲ್ಲಿಂದ ಬಂತು, ಏಕೆ ಬೇಕಾಯಿತು ಎಂದು ಹೇಳುವ ಟಿಪ್ಪಣಿಯೇ ಆಜ್ಞೆಗಿಂತ ಹಲವು ಪಟ್ಟು ಉದ್ದ. ಹೊಸ ಟೇಬಲ್ ಇಲ್ಲ, ಹೊಸ ಇಂಡೆಕ್ಸ್ ಇಲ್ಲ, ಇದ್ದ ಡೇಟಾದಲ್ಲಿ ಒಂದು ಬೈಟ್ ಕೂಡ ಅಲುಗುವುದಿಲ್ಲ. ಆಜ್ಞೆ ಕೊಟ್ಟ ಗಳಿಗೆಯಲ್ಲಿ ಏನೂ ಆಗುವುದೂ ಇಲ್ಲ. ಆದರೆ ಅದಾದ ಮೇಲೆ, ಇಡೀ ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ ಕೂರುತ್ತಿದ್ದ ಕ್ವೆರಿ ತನಗೆ ಬೇಕಾದ ಸಾಲುಗಳನ್ನಷ್ಟೇ ಹುಡುಕಿಕೊಂಡು ಹೋಗತೊಡಗುತ್ತದೆ. ಡೇಟಾಬೇಸ್ ಕೆಲಸದ ರುಚಿ ಹತ್ತಿದವರಿಗೆ ಇಂಥದೊಂದು ಸಾಲು ಕಣ್ಣಿಗೆ ಬಿದ್ದರೆ ಮತ್ತೆ ಮತ್ತೆ ತೆರೆದು ನೋಡಬೇಕೆನಿಸುತ್ತದೆ. ನನಗಂತೂ ಅನಿಸುತ್ತದೆ.

ಅದರಲ್ಲಿ ಸವಿಯುವಂಥದ್ದೇನಿದೆ ಎಂದು ಹೇಳಬೇಕಾದರೆ ಸಿನಾಪ್ಸ್ ಮಾಡುವ ಕೆಲಸದ ಪರಿಚಯ ಸ್ವಲ್ಪ ಬೇಕು. ಮ್ಯಾಟ್ರಿಕ್ಸ್ ಎನ್ನುವುದು 2014ರಲ್ಲಿ ಹೊರಬಂದ ಮುಕ್ತ ಚಾಟ್ ಪ್ರೋಟೋಕಾಲ್. ಅದಕ್ಕೆ ಒಬ್ಬ ಯಜಮಾನನಿಲ್ಲ. ನಿಮ್ಮ ಸರ್ವರ್ ನೀವು ನಡೆಸಬಹುದು, ನನ್ನದು ನಾನು. ಹಾಗಿದ್ದೂ ಇಬ್ಬರೂ ಒಂದೇ ರೂಮಿನಲ್ಲಿ ಮಾತಾಡಬಹುದು. ರೂಮ್ ಇರುವುದು ಎಲ್ಲಿ ಎಂದರೆ, ಅದರಲ್ಲಿ ಒಬ್ಬನಾದರೂ ಸದಸ್ಯನಿರುವ ಪ್ರತಿಯೊಂದು ಸರ್ವರ್‌ನಲ್ಲೂ. ಫ್ರಾನ್ಸ್ ಸರ್ಕಾರಿ ನೌಕರರ ಚಾಪ್, ಜರ್ಮನ್ ಸೇನೆಯ ಬಿಡಬ್ಲ್ಯು ಮೆಸೆಂಜರ್ ಈ ಪ್ರೋಟೋಕಾಲ್ ಮೇಲೆ ಕಟ್ಟಿದವು. ಮೊಜಿಲ್ಲಾ ಬಳಗ ತನ್ನ ಹಳೆಯ ಐಆರ್‌ಸಿ ಬಿಟ್ಟು 2020ರಲ್ಲಿ ಇಲ್ಲಿಗೆ ಬಂತು. ಈ ಪ್ರೋಟೋಕಾಲ್‌ನಲ್ಲಿ ನಡೆಯುವ ಸರ್ವರ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಸಿನಾಪ್ಸ್. ಬಹುಪಾಲು ಪೈಥಾನ್‌ನಲ್ಲಿ ಬರೆದದ್ದು, ಈಚೆಗೆ ಅಲ್ಲಲ್ಲಿ ರಸ್ಟ್ ಸೇರಿದೆ. ಅದರ ನೆನಪೆಲ್ಲ ಇರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ.

ಒಂದು ಸರ್ವರ್‌ನ ಚಾಟ್ ಆಗಿದ್ದರೆ ಸಂದೇಶಗಳನ್ನು ಬಂದ ಕ್ರಮದಲ್ಲಿ ಸಾಲಾಗಿ ಇಟ್ಟರೆ ಮುಗಿಯಿತು. ಇಲ್ಲಿ ಹಾಗಿಲ್ಲ. ಬೇರೆ ಊರಿನ ಸರ್ವರ್ ಅರ್ಧ ದಿನ ಸಂಪರ್ಕ ಕಳೆದುಕೊಂಡಿದ್ದು, ಆಮೇಲೆ ತನ್ನಲ್ಲಿದ್ದ ಸಂದೇಶಗಳನ್ನೆಲ್ಲ ಒಟ್ಟಿಗೆ ಕಳಿಸೀತು. ಆ ಸಂದೇಶ ಬರೆದ ಹೊತ್ತಿನಲ್ಲಿ ಬರೆದವನು ರೂಮಿನ ಸದಸ್ಯನಾಗಿದ್ದನೇ, ಅವನಿಗೆ ಮಾತಾಡುವ ಹಕ್ಕಿತ್ತೇ ಎಂದು ಪಡೆದ ಸರ್ವರ್ ತಾನೇ ಪರಿಶೀಲಿಸಬೇಕು. ಇನ್ನೊಬ್ಬರ ಮಾತನ್ನು ನಂಬುವಂತಿಲ್ಲ. ಅಂದರೆ ರೂಮಿನ ಈಗಿನ ಸ್ಥಿತಿ ಗೊತ್ತಿದ್ದರೆ ಸಾಲದು, ಪ್ರತಿಯೊಂದು ಸಂದೇಶದ ಹೊತ್ತಿನ ಸ್ಥಿತಿಯೂ ಬೇಕು: ರೂಮಿನ ಹೆಸರೇನಿತ್ತು, ಯಾರ್‍ಯಾರು ಇದ್ದರು, ಯಾರಿಗೆ ಯಾವ ಅಧಿಕಾರವಿತ್ತು.

50,000 ಜನರಿರುವ ರೂಮಿಗೆ ಇನ್ನೊಬ್ಬರು ಸೇರಿದರು ಎನ್ನಿ. ಸ್ಥಿತಿಯಲ್ಲಿ ಬದಲಾದದ್ದು ಒಂದೇ ಸಾಲು. ಪ್ರತಿ ಸಲವೂ ಇಡೀ ಪಟ್ಟಿಯನ್ನು ಬರೆದಿಟ್ಟರೆ ಒಬ್ಬೊಬ್ಬ ಹೊಸಬನಿಗೂ 50,001 ಸಾಲು. ಸಿನಾಪ್ಸ್ ಹಾಗೆ ಮಾಡುವುದಿಲ್ಲ. 'ಹಿಂದಿನ ಸ್ಥಿತಿ ಯಾವುದಿತ್ತೋ ಅದು, ಜೊತೆಗೆ ಈ ಒಂದು ಸಾಲು' ಎಂದು ಬರೆದುಕೊಳ್ಳುತ್ತದೆ. ಇಂಥ ಒಂದೊಂದು ಸ್ಥಿತಿಗೆ ಸ್ಟೇಟ್ ಗ್ರೂಪ್ ಎಂದು ಹೆಸರು, ಅದಕ್ಕೊಂದು ನಂಬರ್. ಬರೆಯುವಾಗ ಉಳಿಸಿದ್ದನ್ನು ಓದುವಾಗ ತೆರಬೇಕಲ್ಲ: ಒಂದು ಗ್ರೂಪಿನ ಪೂರ್ತಿ ಚಿತ್ರ ಬೇಕಾದರೆ ಹಿಂದಿನದಕ್ಕೆ, ಅದರ ಹಿಂದಿನದಕ್ಕೆ ಎಂದು ಸರಪಳಿ ಹಿಡಿದು ನಡೆಯಬೇಕು. ನಡಿಗೆ ಮುಗಿಯದಂತೆ ಆದೀತೆಂದು 100 ಹೆಜ್ಜೆಯ ಮಿತಿ ಇಟ್ಟಿದ್ದಾರೆ. ಅದು ತುಂಬಿದಾಗ ಒಮ್ಮೆ ಪೂರ್ತಿ ಪಟ್ಟಿ ಬರೆದು ಹೊಸ ಸರಪಳಿ ಶುರು. ಈ ಸಾಲುಗಳೆಲ್ಲ ಹೋಗಿ ಸೇರುವ ಟೇಬಲ್‌ನ ಹೆಸರು 'ಸ್ಟೇಟ್ ಗ್ರೂಪ್ಸ್ ಸ್ಟೇಟ್'. ಸಿನಾಪ್ಸ್ ನಡೆಸುವವರು ಡಿಸ್ಕ್ ತುಂಬಿತೆಂದು ಹುಡುಕಲು ಕೂತರೆ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುವುದು ಇದೇ. 2025ರ ಸೆಪ್ಟೆಂಬರ್‌ನಲ್ಲಿ ಮ್ಯಾಟ್ರಿಕ್ಸ್ ಡಾಟ್ ಆರ್ಗ್ ಎಂಬ ದೊಡ್ಡ ಸಾರ್ವಜನಿಕ ಸರ್ವರ್‌ನ ಡಿಸ್ಕ್‌ಗಳು ಕೈಕೊಟ್ಟಾಗ ಬ್ಯಾಕಪ್‌ನಿಂದ ವಾಪಸು ತರಬೇಕಾಗಿ ಬಂದ ಡೇಟಾಬೇಸ್ ಒಟ್ಟು 55 ಟೆರಾಬೈಟ್ ಇತ್ತು.

ಸರಪಳಿ ಹಿಡಿದು ನಡೆಯುವ ಕ್ವೆರಿ ನೋಡಲು ಚೆಂದವಾಗಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಕ್ವೆರಿಯೊಂದು ತನ್ನ ಫಲಿತಾಂಶವನ್ನೇ ಮತ್ತೆ ತನಗೆ ಉಣಿಸಿಕೊಂಡು ಮುಂದೆ ಹೋಗುವ 'ವಿತ್ ರಿಕರ್ಸಿವ್' ಎಂಬ ರಚನೆ ಇದೆ. ಅದು ಗ್ರೂಪಿನಿಂದ ಗ್ರೂಪಿಗೆ ಹಿಂದಕ್ಕೆ ಹತ್ತುತ್ತ ನಂಬರ್‌ಗಳನ್ನು ಕಲೆಹಾಕುತ್ತದೆ. ಆಮೇಲೆ ಆ ನಂಬರ್‌ಗಳ ಸಾಲುಗಳನ್ನೆಲ್ಲ ತಂದು, ಒಂದೇ ವಿಷಯಕ್ಕೆ ಎರಡು ಮೂರು ಸಾಲು ಸಿಕ್ಕರೆ ದೊಡ್ಡ ನಂಬರಿನ ಗ್ರೂಪಿನದನ್ನು ಇಟ್ಟುಕೊಂಡು ಉಳಿದವನ್ನು ಬಿಡುತ್ತದೆ. ಹಿಂದಿನ ಗ್ರೂಪಿನ ನಂಬರ್ ಯಾವಾಗಲೂ ಚಿಕ್ಕದು ಎಂಬ ನಂಬಿಕೆಯ ಮೇಲೆ ಇದು ನಿಂತಿದೆ, ಹಾಗೆಂದು ಕೋಡಿನಲ್ಲಿ ಬರೆದೂ ಇಟ್ಟಿದ್ದಾರೆ. ಯಾವುದು ಹೊಸದು ಎಂದು ತಿಳಿಯಲು ತಾರೀಖು ನೋಡಬೇಕಿಲ್ಲ, ನಂಬರ್ ನೋಡಿದರೆ ಸಾಕು.

ಇಷ್ಟು ಅಚ್ಚುಕಟ್ಟಾದ ಕ್ವೆರಿ ಏಕೆ ತೆವಳುತ್ತದೆ?

ಪೋಸ್ಟ್‌ಗ್ರೆಸ್‌ಗೆ ನಾವು ಏನು ಬೇಕೆಂದು ಹೇಳುತ್ತೇವೆ, ಅಷ್ಟೇ. ಅದನ್ನು ಯಾವ ದಾರಿಯಲ್ಲಿ ತರಬೇಕೆಂದು ತೀರ್ಮಾನಿಸುವುದು ಅದರೊಳಗಿನ ಪ್ಲ್ಯಾನರ್. ಇಂಡೆಕ್ಸ್ ಹಿಡಿದು ಒಂದೊಂದೇ ಸಾಲಿಗೆ ಹಾರಬಹುದು, ಇಲ್ಲವೇ ಟೇಬಲನ್ನು ಉದ್ದಕ್ಕೂ ಓದಿ ಬೇಡದ್ದನ್ನು ಎಸೆಯಬಹುದು. ಹಾರುತ್ತ ಓದುವುದು ಪುಟಕ್ಕೆ 4 ಅಂಕದ ಖರ್ಚು, ಸಾಲಾಗಿ ಓದುವುದು 1 ಅಂಕದ್ದು ಎಂದು ಮೂಲ ಸೆಟ್ಟಿಂಗ್‌ನಲ್ಲಿದೆ. (ತಿರುಗುವ ಡಿಸ್ಕ್‌ಗಳ ಕಾಲದ ಲೆಕ್ಕ ಅದು, ಎಸ್‌ಎಸ್‌ಡಿ ಇರುವವರು 4ನ್ನು 1.1ಕ್ಕೆ ಇಳಿಸುವುದು ವಾಡಿಕೆ.) ಬೇಕಾದ ಸಾಲು ಕೆಲವೇ ಇದ್ದರೆ ಹಾರುವುದು ಅಗ್ಗ, ಬಹಳ ಇದ್ದರೆ ಉದ್ದಕ್ಕೂ ಓದುವುದು ಅಗ್ಗ. ಹಾಗಾದರೆ ಎಷ್ಟು ಸಾಲು ಬರುತ್ತವೆ? ಟೇಬಲ್ ಮುಟ್ಟುವ ಮೊದಲೇ ಪ್ಲ್ಯಾನರ್‌ಗೆ ಇದಕ್ಕೆ ಉತ್ತರ ಬೇಕು. ಅದು ಅವಲಂಬಿಸುವುದು 'ಅನಲೈಜ್' ಎಂಬ ಕೆಲಸ ಆಗಾಗ ಕಲೆಹಾಕಿಟ್ಟ ಅಂಕಿಅಂಶವನ್ನು.

ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡುತ್ತೇವಲ್ಲ, ಅನಲೈಜ್ ಮಾಡುವುದೂ ಅದನ್ನೇ. ಒಂದಗುಳಿನ ಬದಲು 30,000 ಅಗುಳು ತೆಗೆಯುತ್ತದೆ. ಪಾತ್ರೆ ಎಷ್ಟೇ ದೊಡ್ಡದಿರಲಿ, ಮೂಲ ಸೆಟ್ಟಿಂಗ್‌ನಲ್ಲಿ 30,000ವೇ. ಬೆಂದಿದೆಯೇ ಎಂಬ ಪ್ರಶ್ನೆಗೆ ಅದು ಧಾರಾಳವಾಯಿತು. ಆದರೆ ಈ ಪಾತ್ರೆಯಲ್ಲಿ ಎಷ್ಟು ಬಗೆಯ ಅಕ್ಕಿ ಸೇರಿದೆ ಎಂದು ಕೇಳಿದರೆ ಅಗುಳು ಹಿಸುಕಿ ಹೇಳಲಾಗದು. ನೂರು ಕೋಟಿ ಸಾಲಿನ ಟೇಬಲ್‌ನಲ್ಲಿ ಎಷ್ಟು ಬೇರೆ ಬೇರೆ ಸ್ಟೇಟ್ ಗ್ರೂಪ್‌ಗಳಿವೆ ಎಂಬುದು ಅಂಥ ಪ್ರಶ್ನೆ. ದೊಡ್ಡ ರೂಮ್‌ಗಳ ಪೂರ್ತಿ ಪಟ್ಟಿಗಳು ಒಂದೊಂದೂ ಹತ್ತಾರು ಸಾವಿರ ಸಾಲು ಹಿಡಿದು ಕೂತಿವೆ. ಸ್ಯಾಂಪಲ್ ಎತ್ತಿದಾಗ ಕೈಗೆ ಬರುವುದು ಮತ್ತೆ ಮತ್ತೆ ಅವೇ ನಂಬರ್. ಒಂದೆರಡು ಸಾಲಿನ ಲಕ್ಷಾಂತರ ಪುಟ್ಟ ಗ್ರೂಪ್‌ಗಳು ಸ್ಯಾಂಪಲ್‌ನ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ 'ಇಲ್ಲಿರುವುದು ಸ್ವಲ್ಪವೇ ಗ್ರೂಪ್, ಆದರೆ ಒಂದೊಂದಕ್ಕೂ ರಾಶಿ ಸಾಲು' ಎಂದು ಪೋಸ್ಟ್‌ಗ್ರೆಸ್ ಬರೆದುಕೊಳ್ಳುತ್ತದೆ. ಸರಾಸರಿ 50 ಸಾಲು ಇರುವಲ್ಲಿ 50,000 ಇದೆ ಎಂದು ನಂಬಿತೆನ್ನಿ. ಕೆಲವು ನೂರು ಗ್ರೂಪ್‌ಗಳ ವಿವರ ಒಟ್ಟಿಗೆ ಕೇಳಿದರೆ ಅದರ ಲೆಕ್ಕದಲ್ಲಿ ಬರಬೇಕಾದದ್ದು ಕೋಟಿಗಟ್ಟಲೆ ಸಾಲು. ಅಷ್ಟಕ್ಕೆ ಹಾರುತ್ತ ಕೂರುವುದೇಕೆ, ಇಡೀ ಟೇಬಲ್ ಓದಿಬಿಡೋಣ ಎಂದು ತೀರ್ಮಾನಿಸುತ್ತದೆ. ಲೆಕ್ಕ ತಪ್ಪಲ್ಲ, ಲೆಕ್ಕಕ್ಕೆ ಕೊಟ್ಟ ಅಂಕಿ ತಪ್ಪು. ಇದರ ಮೇಲೆ ರಿಕರ್ಸಿವ್ ಕ್ವೆರಿಯ ಊಹೆ ಬೇರೆ: ಎಷ್ಟು ಸುತ್ತು ನಡೆಯಬೇಕಾದೀತೆಂದು ತಿಳಿಯುವ ದಾರಿ ಪ್ಲ್ಯಾನರ್‌ಗಿಲ್ಲ, ಸುಮ್ಮನೆ 10 ಎಂದುಕೊಳ್ಳುತ್ತದೆ.

ಈಗ ಆ -0.02ಕ್ಕೆ ಬರೋಣ. ಕಾಲಮ್‌ನಲ್ಲಿ ಎಷ್ಟು ಬೇರೆ ಬೇರೆ ಬೆಲೆಗಳಿವೆ ಎಂಬುದನ್ನು ಪೋಸ್ಟ್‌ಗ್ರೆಸ್‌ಗೆ ನಾವೇ ಹೇಳಿಬಿಡಬಹುದು. ಧನ ಸಂಖ್ಯೆ ಕೊಟ್ಟರೆ ಅದು ಅಷ್ಟೇ ಎಂದರ್ಥ: 2 ಕೋಟಿ ಎಂದರೆ 2 ಕೋಟಿ. ಋಣ ಸಂಖ್ಯೆ ಕೊಟ್ಟರೆ ಅದು ಪ್ರಮಾಣ: ಒಟ್ಟು ಸಾಲುಗಳನ್ನು 0.02ರಿಂದ ಗುಣಿಸಿದರೆ ಬರುವಷ್ಟು ಬಗೆ, ಅಂದರೆ ಗ್ರೂಪಿಗೆ ಸರಾಸರಿ 50 ಸಾಲು. ನನಗೆ ಎಲ್ಲಕ್ಕಿಂತ ಹಿಡಿಸುವುದು ಈ ಮೈನಸ್ ಚಿಹ್ನೆ. 2 ಕೋಟಿ ಎಂದು ಬರೆದಿದ್ದರೆ ಇವತ್ತಿಗೆ ಸರಿ, ಟೇಬಲ್ ಹತ್ತು ಪಟ್ಟಾದಾಗ ಮತ್ತದೇ ತಪ್ಪು. ಪ್ರಮಾಣ ಬರೆದಿರುವುದರಿಂದ ಟೇಬಲ್ ಬೆಳೆದಂತೆ ಉತ್ತರವೂ ಬೆಳೆಯುತ್ತದೆ. ಹತ್ತು ಜನರ ಸರ್ವರ್‌ಗೂ, ಲಕ್ಷ ಜನರ ಸರ್ವರ್‌ಗೂ ಅದೇ ಫೈಲ್ ಸಾಕು. ಇನ್ನೊಂದು ಸೊಗಸು ಟಿಪ್ಪಣಿಯಲ್ಲಿದೆ: ಈ ಸಂಖ್ಯೆ ಕರಾರುವಾಕ್ಕಾಗಿ ಇರಬೇಕಾಗಿಲ್ಲ, ಇಂಡೆಕ್ಸ್ ಹಿಡಿಯುವಂತೆ ಮಾಡಿದರೆ ಆಯಿತು, ಹೇಗೂ ಪೋಸ್ಟ್‌ಗ್ರೆಸ್‌ನ ಊಹೆಗಿಂತ ನಮ್ಮದು ವಾಸಿ ಎಂಬರ್ಥದ ಮಾತು. 50 ಎನ್ನುವುದು ನಿಮ್ಮ ಸರ್ವರ್‌ನಲ್ಲಿ 30 ಇರಬಹುದು, 90 ಇರಬಹುದು. ತಪ್ಪು ಎರಡು ಪಟ್ಟಿನದಾದರೆ ಪ್ಲ್ಯಾನರ್ ದಾರಿ ತಪ್ಪುವುದಿಲ್ಲ, ಸಾವಿರ ಪಟ್ಟಿನದಾದರೆ ತಪ್ಪುತ್ತದೆ. ಎಷ್ಟು ಒರಟಾಗಿದ್ದರೆ ಸಾಕು ಎಂದು ತಿಳಿದು ಅಲ್ಲಿಗೆ ನಿಲ್ಲಿಸಿದ ಕೈ ಅದು. ಈ ಆಜ್ಞೆ ಜಾರಿಗೆ ಬರುವುದು ಮುಂದಿನ ಅನಲೈಜ್ ನಡೆದಾಗ. ಅಲ್ಲಿಯವರೆಗೆ ಹಳೆಯ ಅಂದಾಜೇ ಚಾಲ್ತಿಯಲ್ಲಿರುತ್ತದೆ.

ಇದೇ ಕ್ವೆರಿಯ ಬಳಿ ಇನ್ನೊಂದು ಉಪಾಯವೂ ಇದೆ. ಕ್ವೆರಿ ನಡೆಸುವ ಮುನ್ನ 'ಈ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಉದ್ದಕ್ಕೂ ಓದುವ ದಾರಿ ಬಂದ್' ಎಂದು ಸೆಟ್ಟಿಂಗ್ ಬದಲಿಸುತ್ತಾರೆ. ಬೇರೆ ದಾರಿಯೇ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಆಗಲೂ ಉದ್ದಕ್ಕೂ ಓದುತ್ತದೆ, ಆದರೆ ಇಂಡೆಕ್ಸ್ ಇರುವ ಕಡೆ ಇಂಡೆಕ್ಸೇ. ಇದು ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ -0.02 ಕೊಡುವ ರುಚಿ ಇದರಲ್ಲಿಲ್ಲ. ಅಲ್ಲಿ ಪ್ಲ್ಯಾನರ್‌ಗೆ ಸರಿಯಾದ ಮಾಹಿತಿ ಕೊಟ್ಟು ಅದರ ಬುದ್ಧಿಗೇ ಬಿಟ್ಟರು. ಇಲ್ಲಿ ಕಿವಿ ಹಿಡಿದು ತಿರುಗಿಸಿದರು. ಕ್ವೆರಿಯೊಳಗೇ ಪ್ಲ್ಯಾನರ್‌ಗೆ ಅಪ್ಪಣೆ ಬರೆಯುವ 'ಹಿಂಟ್' ಸೌಲಭ್ಯವನ್ನು ಬೇರೆ ಡೇಟಾಬೇಸ್‌ಗಳಂತೆ ಕೊಡಲು ಪೋಸ್ಟ್‌ಗ್ರೆಸ್ ಬಳಗ ಬಹುಕಾಲ ಒಪ್ಪದೇ ಇದ್ದದ್ದೂ ಇದೇ ಅಭಿರುಚಿಯಿಂದ ಇರಬೇಕು. ರಾತ್ರಿ ಸರ್ವರ್ ನಿಂತಾಗ ಎದ್ದು ನೋಡಬೇಕಾದವರಿಗೆ ಈ ಅಭಿರುಚಿ ರುಚಿಸದೆ ಇರಬಹುದು, ಅದೂ ನಿಜ.

ಎರಡನೆಯ ರತ್ನ ಹಳೆಯ ಸಂದೇಶಗಳನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿ ಓದುವ ಕ್ವೆರಿಯಲ್ಲಿದೆ. ರೂಮಿನ ಪ್ರತಿ ಸಂದೇಶಕ್ಕೂ ಎರಡು ಅಂಕಿಗಳಿವೆ: ಒಂದು, ರೂಮಿನ ಇತಿಹಾಸದಲ್ಲಿ ಅದು ಎಷ್ಟು ಆಳದಲ್ಲಿದೆ ಎಂಬುದು, ಇನ್ನೊಂದು, ಈ ಸರ್ವರ್‌ಗೆ ಎಷ್ಟನೆಯದಾಗಿ ಬಂತು ಎಂಬ ಕ್ರಮ. ಎರಡು ಸಂದೇಶ ಒಂದೇ ಆಳದಲ್ಲಿರಬಹುದಾದ್ದರಿಂದ ಎರಡೂ ಬೇಕು. ರೂಮ್, ಆಳ, ಕ್ರಮ ಎಂಬ ಮೂರರ ಮೇಲೆ ಒಂದು ಇಂಡೆಕ್ಸ್ ಇದೆ. ಪರದೆಯ ಮೇಲೆ ಕಡೆಯದಾಗಿ ಕಂಡ ಸಂದೇಶದ ಆಳ 5000, ಕ್ರಮ 81200 ಆಗಿದ್ದರೆ ಅದಕ್ಕಿಂತ ಹಳೆಯದನ್ನು ಕೇಳುವ ಷರತ್ತನ್ನು ಶಾಲೆಯ ಗಣಿತ ಕಲಿತ ಯಾರಾದರೂ ಹೀಗೆ ಬರೆಯುತ್ತಾರೆ:

ಆಳ < 5000 ಅಥವಾ (ಆಳ = 5000 ಮತ್ತು ಕ್ರಮ < 81200)

ಸಿನಾಪ್ಸ್ ಬರೆಯುವುದು ಹೀಗೆ:

(ಆಳ, ಕ್ರಮ) < (5000, 81200)

ಎರಡರ ಅರ್ಥ ಒಂದೇ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೆ 'ಅಥವಾ' ಎಂಬ ಪದ ನಡುವೆ ಬಂದ ಕೂಡಲೇ ಇಂಡೆಕ್ಸ್‌ನಲ್ಲಿ ಎಲ್ಲಿಂದ ಹೊರಡಬೇಕೆಂದು ಪೋಸ್ಟ್‌ಗ್ರೆಸ್‌ಗೆ ಹೊಳೆಯುವುದಿಲ್ಲ. ರೂಮಿನ ತೀರಾ ಈಚಿನ ಸಂದೇಶದಿಂದ ಹೊರಟು ಒಂದೊಂದನ್ನೂ ಎತ್ತಿ ನೋಡಿ, ಷರತ್ತಿಗೆ ಹೊಂದದ್ದನ್ನು ಬಿಡುತ್ತ ಹಿಂದಕ್ಕೆ ಬರುತ್ತದೆ. ಕ್ವೆರಿ ಹಿಡಿದ ದಾರಿಯನ್ನು ತೋರಿಸುವ 'ಎಕ್ಸ್‌ಪ್ಲೇನ್ ಅನಲೈಜ್' ಆಜ್ಞೆ ಕೊಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. 'ಇಂಡೆಕ್ಸ್ ಕಂಡ್' ಎಂಬ ಸಾಲಿನಲ್ಲಿ ರೂಮಿನ ಹೆಸರು ಮಾತ್ರ. ಕೆಳಗೆ 'ಫಿಲ್ಟರ್' ಎಂಬ ಸಾಲಿನಲ್ಲಿ ನಮ್ಮ ಷರತ್ತು. ಅದರ ಕೆಳಗೆ 'ರೋಸ್ ರಿಮೂವ್ಡ್ ಬೈ ಫಿಲ್ಟರ್' ಎಂದು ಎದೆ ನಡುಗಿಸುವ ಅಂಕಿ. ಬೇಕಾದದ್ದು ಕೆಲವೇ ಸಾಲು, ಓದಿ ಬಿಸಾಡಿದ್ದು ಲಕ್ಷ. ಹಳೆಯ ಮಾತುಗಳ ಕಡೆಗೆ ಸರಿದಷ್ಟೂ ಬಿಸಾಡುವುದು ಹೆಚ್ಚು. ನಿನ್ನೆಯದು ಥಟ್ಟನೆ ಬರುತ್ತದೆ, ಹೋದ ವರ್ಷದ್ದಕ್ಕೆ ಚಕ್ರ ತಿರುಗುತ್ತಲೇ ಇರುತ್ತದೆ. ಜೋಡಿಯಾಗಿ ಬರೆದಾಗ ಫಿಲ್ಟರ್ ಎಂಬ ಸಾಲೇ ಮಾಯ. ರೂಮ್, ಆಳ, ಕ್ರಮ ಮೂರೂ 'ಇಂಡೆಕ್ಸ್ ಕಂಡ್' ಸಾಲಿಗೆ ಬಂದು ಕೂರುತ್ತವೆ. ಬಿ-ಟ್ರೀ ಇಂಡೆಕ್ಸ್‌ನ ಒಂದೊಂದು ಪುಟ 8 ಕಿಲೋಬೈಟ್, ಅದರಲ್ಲಿ ನೂರಾರು ನಮೂದು. ಹಾಗಾಗಿ ನೂರು ಕೋಟಿ ಸಾಲಿದ್ದರೂ ಬೇರಿನಿಂದ ಎಲೆಗೆ ನಾಲ್ಕೈದು ಪುಟದ ದಾರಿ. ಅಲ್ಲಿಗೆ ಇಳಿದು, ಬೇಕಾದಷ್ಟು ಓದಿ, ಎದ್ದು ಬರುತ್ತದೆ. ಹೋದ ವರ್ಷದ್ದಕ್ಕೂ ನಿನ್ನೆಯದಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ. ಕಂಪ್ಯೂಟರ್ ವೇಗವಾಯಿತು ಎನ್ನುತ್ತೇವೆ. ಅದು ಮೊದಲಿನಷ್ಟೇ ವೇಗವಾಗಿ ಓದುತ್ತಿದೆ, ಓದುವುದು ಕಡಿಮೆಯಾಗಿದೆ.

ಇವೆರಡೂ ಒಂದೊಂದು ಸಾಲಿನ ಕೆಲಸ. ಮೂರನೆಯದು ಹಾಗಲ್ಲ, ಸಾವಧಾನವಾಗಿ ಕೂತು ನೋಡಬೇಕಾದದ್ದು.

ಮ್ಯಾಟ್ರಿಕ್ಸ್ ರೂಮಿನಲ್ಲಿ ನಡೆಯುವ ಪ್ರತಿಯೊಂದಕ್ಕೂ, ಅಂದರೆ ಸಂದೇಶ, ಸೇರ್ಪಡೆ, ಅಧಿಕಾರ ಕೊಡುವುದು, ಹೊರಹಾಕುವುದು ಎಲ್ಲಕ್ಕೂ, ಈವೆಂಟ್ ಎಂದು ಹೆಸರು. ಪ್ರತಿ ಈವೆಂಟ್ ತನಗೆ ಹಕ್ಕು ಎಲ್ಲಿಂದ ಬಂತೆಂದು ತೋರಿಸಬೇಕು: ಇವನು ಸದಸ್ಯನಾದ ಈವೆಂಟ್ ಇಗೋ, ಇವನಿಗೆ ಅಧಿಕಾರ ಕೊಟ್ಟ ಈವೆಂಟ್ ಇಗೋ ಎಂದು. ಆ ಈವೆಂಟ್‌ಗಳೂ ತಮ್ಮ ಹಿಂದಿನವನ್ನು ತೋರಿಸುತ್ತವೆ. ಹೀಗೆ ರೂಮ್ ಹುಟ್ಟಿದ ಮೊದಲ ಈವೆಂಟ್‌ವರೆಗೆ ಹೋಗುವ ವಂಶಾವಳಿಯೇ ಆಥ್ ಚೈನ್. ಎರಡು ಸರ್ವರ್‌ಗಳ ನಡುವೆ ಸಂಪರ್ಕ ಕಡಿದಾಗ ಒಂದರಲ್ಲಿ ಅಡ್ಮಿನ್ ಒಬ್ಬನನ್ನು ಹೊರಹಾಕಿರಬಹುದು, ಇನ್ನೊಂದರಲ್ಲಿ ಅದೇ ಹೊತ್ತಿಗೆ ಅವನಿಗೇ ಅಧಿಕಾರ ಕೊಟ್ಟಿರಬಹುದು. ಸಂಪರ್ಕ ಮತ್ತೆ ಕೂಡಿದಾಗ ಎಲ್ಲ ಸರ್ವರ್‌ಗಳೂ, ಒಂದನ್ನೊಂದು ಕೇಳದೆ, ಒಂದೇ ತೀರ್ಪಿಗೆ ಬರಬೇಕು. ಅದಕ್ಕೆ ಮೊದಲು ಬೇಕಾದದ್ದು ಇದು: ಈ ಕಡೆಯವರ ವಂಶಾವಳಿಯಲ್ಲಿದ್ದು ಆ ಕಡೆಯವರದರಲ್ಲಿ ಇಲ್ಲದ ಈವೆಂಟ್‌ಗಳು ಯಾವುವು?

ಹಳೆಯ ದಾರಿ ಎಂದರೆ ಎರಡೂ ಕಡೆಯಿಂದ ಹಿಂದಕ್ಕೆ ನಡೆಯುತ್ತ, ಸಿಕ್ಕಿದವರನ್ನೆಲ್ಲ ಗುರುತು ಹಾಕಿಕೊಂಡು, ಇಬ್ಬರ ದಾರಿಯೂ ಎಲ್ಲಿ ಕೂಡುತ್ತದೆಂದು ಹುಡುಕುವುದು. ದೊಡ್ಡ ರೂಮಿನಲ್ಲಿ ಇದು ಸಾವಿರಾರು ಈವೆಂಟ್‌ಗಳ ನಡಿಗೆ. ಯಾರ ಪೂರ್ವಜರು ಯಾರು ಎಂದು ಎಲ್ಲ ಜೋಡಿಗಳನ್ನೂ ಮೊದಲೇ ಬರೆದಿಟ್ಟುಕೊಳ್ಳೋಣ ಎಂದರೆ ಆ ಟೇಬಲ್ ಡಿಸ್ಕನ್ನೇ ನುಂಗೀತು. ನಡುವಿನ ದಾರಿ ಚೈನ್ ಕವರ್. ಡೇಟಾಬೇಸ್ ವಿದ್ವಾಂಸ ಎಚ್. ವಿ. ಜಗದೀಶ್ 1990ರ ತಮ್ಮ ಪ್ರಬಂಧದಲ್ಲಿ ಇಂಥ ಬಲೆಗಳನ್ನು ಎಳೆಗಳಾಗಿ ಬಿಡಿಸಿ ಚಿಕ್ಕದಾಗಿ ಬರೆದಿಡುವ ಕ್ರಮವನ್ನು ವಿವರಿಸಿದ್ದರು. ಚಾಟ್ ಸರ್ವರ್‌ನಲ್ಲಿ ಅದೇ ವಿಚಾರವನ್ನು ಕಂಡಾಗ ಹಳೆಯ ಪರಿಚಯದವರು ಸಿಕ್ಕಂತಾಗುತ್ತದೆ.

ಹೀಗೆ ನೋಡಿ. ವಂಶಾವಳಿಯ ಬಲೆಯನ್ನು ಸರಪಳಿಗಳಾಗಿ ಒಡೆಯುತ್ತಾರೆ. ಒಂದೇ ಸರಪಳಿಯ ಯಾವ ಎರಡು ಈವೆಂಟ್ ತೆಗೆದುಕೊಂಡರೂ ಒಂದು ಇನ್ನೊಂದರ ಪೂರ್ವಜ ಆಗಿರಲೇಬೇಕು, ಅದೊಂದೇ ನಿಯಮ. ಪ್ರತಿ ಈವೆಂಟ್‌ಗೂ ಸರಪಳಿಯ ನಂಬರ್, ಸರಪಳಿಯಲ್ಲಿ ತನ್ನ ಸ್ಥಾನದ ನಂಬರ್. 7ನೆಯ ಸರಪಳಿಯ 32ನೆಯದಕ್ಕೆ 7ನೆಯ ಸರಪಳಿಯ 19ನೆಯದು ಪೂರ್ವಜವೇ? 19 ಎನ್ನುವುದು 32ಕ್ಕಿಂತ ಚಿಕ್ಕದು, ಹಾಗಾಗಿ ಹೌದು. ಇಷ್ಟು ಹೇಳಲು ನಡುವಿನ ಹನ್ನೆರಡನ್ನು ನೋಡಬೇಕಿಲ್ಲ. ಸರಪಳಿಯಿಂದ ಸರಪಳಿಗೆ ಕೊಂಡಿಗಳನ್ನು ಮಾತ್ರ ಬೇರೆ ಟೇಬಲ್‌ನಲ್ಲಿ ಇಡುತ್ತಾರೆ: 7ರ 32ರಿಂದ 3ರ 11ಕ್ಕೆ ಒಂದು ಕೊಂಡಿ ಎಂದರೆ, 7ರಲ್ಲಿ 32 ಅಥವಾ ಅದರ ಮೇಲಿನ ಎಲ್ಲವೂ 3ರ 11 ಮತ್ತು ಅದರ ಕೆಳಗಿನ ಎಲ್ಲವನ್ನೂ ಮುಟ್ಟುತ್ತವೆ.

ಈಗ ಸಾವಿರಾರು ಹೆಸರಿನ ವಂಶಾವಳಿಯನ್ನು ಹೀಗೆ ಬರೆದು ಮುಗಿಸಬಹುದು: 7ರಲ್ಲಿ 32ರವರೆಗೆ, 3ರಲ್ಲಿ 11ರವರೆಗೆ, 1ರಲ್ಲಿ 1ರವರೆಗೆ. ಇನ್ನೊಂದು ಕಡೆಯದು 7ರಲ್ಲಿ 28ರವರೆಗೆ, ಉಳಿದದ್ದು ಅದೇ. ಎರಡರ ವ್ಯತ್ಯಾಸವೇನು? 7ನೆಯ ಸರಪಳಿಯ 29, 30, 31, 32. ಲೆಕ್ಕ ಮುಗಿಯಿತು. ಎರಡು ದೊಡ್ಡ ಬಲೆಗಳನ್ನು ಎದುರುಬದುರು ಹಿಡಿದು ಎಳೆ ಎಳೆ ಹುಡುಕಬೇಕಾದ ಕೆಲಸ, 32ರಲ್ಲಿ 28 ಕಳೆಯುವ ಕೆಲಸವಾಯಿತು. ಮೊದಲ ಸಲ ಇದು ಅರ್ಥವಾದಾಗ ಆಗುವ ಖುಷಿಯನ್ನು ಬೇರೆಯವರಿಗೆ ದಾಟಿಸುವುದು ಕಷ್ಟ. ಕಾಗದದ ಮೇಲೆ ಹತ್ತು ಹದಿನೈದು ಚುಕ್ಕಿ ಹಾಕಿ, ಬಾಣ ಎಳೆದು, ತಾವೇ ಸರಪಳಿ ಬಿಡಿಸಿ ನೋಡಿದವರಿಗೆ ಸಿಗುತ್ತದೆ. ಇದಕ್ಕೂ ಬೆಲೆ ಇದೆ ಅನ್ನಿ. ಹೊಸ ಈವೆಂಟ್ ಬಂದಾಗೆಲ್ಲ ಯಾವ ಸರಪಳಿಗೆ ಸೇರಿಸಬೇಕು, ಯಾವ ಕೊಂಡಿ ಬೇಕು ಎಂದು ಯೋಚಿಸಬೇಕು. ಕೊಂಡಿಗಳ ಟೇಬಲ್ ತಾನೂ ಬೆಳೆಯುತ್ತದೆ.

ಚಿಕ್ಕಪುಟ್ಟ ಸೊಗಸುಗಳು ಇನ್ನೂ ಎಷ್ಟೋ ಇವೆ, ಒಂದೆರಡನ್ನು ಹೇಳಿ ಮುಂದೆ ಹೋಗುತ್ತೇನೆ. ನಿಮ್ಮ ಹೆಸರು ಹಿಡಿದು ಕರೆದ ಸಂದೇಶಗಳನ್ನು ಹುಡುಕುವ ಇಂಡೆಕ್ಸ್‌ನಲ್ಲಿ ಅಂಥ ಸಂದೇಶಗಳು ಮಾತ್ರ ಇವೆ, ಉಳಿದವಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಹಾಗಾಗಿ ಟೇಬಲ್ ಎಷ್ಟು ಉಬ್ಬಿದರೂ ಆ ಇಂಡೆಕ್ಸ್ ತೆಳ್ಳಗೇ ಇರುತ್ತದೆ. ಬೇರೆ ಸರ್ವರ್‌ನಿಂದ ಆಮೇಲೆ ತರಿಸಿಕೊಂಡ ಹಳೆಯ ಸಂದೇಶಗಳ ಕ್ರಮಸಂಖ್ಯೆ ಸೊನ್ನೆಯಿಂದ ಕೆಳಕ್ಕೆ ಇಳಿಯುತ್ತದೆ, -1, -2, -3 ಎಂದು. ಹೊಸ ಸಂದೇಶಗಳು ಮೇಲಕ್ಕೆ ಏರುತ್ತಿರುತ್ತವೆ. 'ನಾನು ಕಡೆಯ ಸಲ ನೋಡಿದ ಮೇಲೆ ಏನು ಬಂತು' ಎಂದು ಫೋನ್ ಕೇಳಿದಾಗ ಒಂದೇ ಹೋಲಿಕೆಯಲ್ಲಿ ಉತ್ತರ ಸಿಗುತ್ತದೆ, ಹಳೆಯದು ಹೊಸದರ ನಡುವೆ ನುಸುಳುವ ಮಾತೇ ಇಲ್ಲ.

ನನಗೆ ನಗು ತರಿಸುವುದು ಡಮ್ಮಿ ಈವೆಂಟ್. ಹಲವು ಸರ್ವರ್‌ಗಳು ಒಟ್ಟಿಗೆ ಮಾತಾಡಿದಾಗ ರೂಮಿನ ಇತಿಹಾಸ ಕವಲೊಡೆದು ಹತ್ತಾರು ತುದಿಗಳು ತೆರೆದೇ ಉಳಿಯುತ್ತವೆ. ತುದಿ ಹೆಚ್ಚಿದಷ್ಟೂ ಪ್ರತಿ ಹೊಸ ಸಂದೇಶಕ್ಕೂ ಎಲ್ಲ ತುದಿಗಳ ಸ್ಥಿತಿಯನ್ನು ತಂದು ರಾಜಿ ಮಾಡಿಸಬೇಕು, ಡೇಟಾಬೇಸ್ ಏದುಸಿರು ಬಿಡುತ್ತದೆ. ಆಗ ಕ್ವೆರಿಯನ್ನು ತಿದ್ದುವ ಬದಲು ಸಿನಾಪ್ಸ್ ರೂಮಿಗೆ ತಾನೇ ಒಂದು ಸಂದೇಶ ಕಳಿಸುತ್ತದೆ. ಅದರಲ್ಲಿ ಮಾತಿಲ್ಲ, ಅದು ಯಾರ ಪರದೆಯಲ್ಲೂ ಕಾಣುವುದಿಲ್ಲ. ತೆರೆದಿರುವ ತುದಿಗಳನ್ನೆಲ್ಲ 'ಇವು ನನ್ನ ಹಿಂದಿನವು' ಎಂದು ತೋರಿಸುವುದಷ್ಟೇ ಅದರ ಕೆಲಸ. ತುದಿಗಳೆಲ್ಲ ಕೂಡಿ ಒಂದಾಗುತ್ತವೆ. ತುದಿ 10 ದಾಟಿದರೆ ಹೀಗೆ ಮಾಡು ಎಂದು ಮೂಲ ಸೆಟ್ಟಿಂಗ್‌ನಲ್ಲೇ ಇದೆ.

ಕನ್ನಡದಲ್ಲಿ ಬರೆಯುವವರ ಕಣ್ಣಿಗೆ ಬೇಗ ಬೀಳುವ ವಿಷಯವೊಂದಿದೆ. ಸಿನಾಪ್ಸ್‌ನ ಡೇಟಾಬೇಸನ್ನು 'ಸಿ' ಲೊಕೇಲ್‌ನಲ್ಲೇ ಕಟ್ಟಬೇಕು ಎಂಬುದು ನಿಯಮ, ಅಂದರೆ ಅಕ್ಷರಗಳನ್ನು ಯಾವ ಭಾಷೆಯ ಅಕಾರಾದಿಯನ್ನೂ ನೋಡದೆ ಬರೀ ಬೈಟ್‌ಗಳಾಗಿ ಹೋಲಿಸಬೇಕು. ಹೋಲಿಕೆ ವೇಗವಾಗಿ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಪರೇಟಿಂಗ್ ಸಿಸ್ಟಮ್ ಬದಲಾದಾಗ ಅಕಾರಾದಿ ಬದಲಾಗಿ ಇಂಡೆಕ್ಸ್ ಕೆಡುವ ಭಯವಿಲ್ಲ. 2018ರಲ್ಲಿ ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯ 2.28 ಆವೃತ್ತಿ ಬಂದಾಗ ಬೇರೆಡೆ ಹಾಗೆ ಇಂಡೆಕ್ಸ್‌ಗಳು ಕೆಟ್ಟದ್ದುಂಟು. ಬೈಟ್ ಕ್ರಮದಲ್ಲೂ ಕನ್ನಡ ಬಹುಪಾಲು ವರ್ಣಮಾಲೆಯ ಹಾದಿಯಲ್ಲೇ ನಡೆಯುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರಗಳನ್ನು ಆ ಕ್ರಮದಲ್ಲೇ ಜೋಡಿಸಿರುವುದರಿಂದ. ಎಡವುವುದು ಅಲ್ಲೊಂದು ಇಲ್ಲೊಂದು ಕಡೆ: ನಮ್ಮ ಶಾಲೆಯ ಪಟ್ಟಿಯಲ್ಲಿ ಕೊನೆಗೆ ಬರುವ ಳ ಅಲ್ಲಿ ಲ ಮತ್ತು ವ ನಡುವೆ ಕೂತಿದೆ.

ಅದೇನೂ ದೊಡ್ಡ ತಕರಾರಲ್ಲ. ತಕರಾರಿರುವುದು ಹುಡುಕಾಟದ ಬಗ್ಗೆ. ಎನ್‌ಕ್ರಿಪ್ಟ್ ಆಗದ ರೂಮ್‌ಗಳಲ್ಲಿ ಸಂದೇಶ ಹುಡುಕಲು ಸಿನಾಪ್ಸ್ ಪೋಸ್ಟ್‌ಗ್ರೆಸ್‌ನ ಪಠ್ಯ ಇಂಡೆಕ್ಸ್ ಬಳಸುತ್ತದೆ. ಅದೂ ಬಲು ವೇಗ. ಪದಗಳನ್ನು ಇಂಡೆಕ್ಸ್‌ಗೆ ಹಾಕುವ ಮುನ್ನ ಪ್ರತ್ಯಯ ಕಳೆದು ಮೂಲ ರೂಪಕ್ಕೆ ತರುವ ಹಂತವೊಂದಿದೆ, ಅಲ್ಲಿ ಭಾಷೆ ಇಂಗ್ಲಿಷ್ ಎಂದು ಕೋಡಿನಲ್ಲೇ ಬರೆದಿದೆ. ಇಂಗ್ಲಿಷ್ ನಿಯಮಕ್ಕೆ ಕನ್ನಡ ಪದ ಸಿಕ್ಕರೆ ಅದನ್ನು ಮುಟ್ಟದೆ ಹಾಗೆಯೇ ಬಿಡುತ್ತದೆ. ಇಂಗ್ಲಿಷಿನವರಿಗೆ ಅದರಿಂದ ನಷ್ಟವೇನಿಲ್ಲ. ನಮ್ಮಲ್ಲಿ 'ಮನೆ' ಎಂಬುದು ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು, ಮನೆಯಲ್ಲೇ ಎಂದು ಎಷ್ಟು ವೇಷದಲ್ಲಿ ಬರುತ್ತದೆ! 'ಮನೆಗೆ' ಎಂದು ಹುಡುಕಿದವರಿಗೆ 'ಮನೆಯಲ್ಲಿ' ಇರುವ ಸಂದೇಶ ಸಿಗುವುದಿಲ್ಲ. ಕ್ವೆರಿ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದು 'ಏನೂ ಇಲ್ಲ' ಎಂದು ಹೇಳುತ್ತದೆ. ಪೋಸ್ಟ್‌ಗ್ರೆಸ್ ಜೊತೆ ಬರುವ ಸ್ನೋಬಾಲ್ ಪಟ್ಟಿಯಲ್ಲಿ ತಮಿಳಿಗೆ ಇಂಥ ನಿಯಮಗಳಿವೆ, ಹಿಂದಿಗೂ ನೇಪಾಳಿಗೂ ಇವೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ವಿಭಕ್ತಿ ಪ್ರತ್ಯಯಗಳನ್ನು ಬಲ್ಲ ಒಬ್ಬರು, ಪ್ರೋಗ್ರಾಮಿಂಗ್ ಬಲ್ಲ ಒಬ್ಬರು ಕೂತರೆ ಬರೆಯಬಹುದಾದ ಕೆಲಸ ಅದು. ಬರೆದ ಮೇಲೂ ಸಿನಾಪ್ಸ್‌ನಲ್ಲಿ ಇಂಗ್ಲಿಷ್ ಎಂದು ಬರೆದಿರುವ ಕಡೆ ಕೈಯಾಡಿಸಬೇಕು, ಹಳೆಯ ಸಂದೇಶಗಳ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು, ಕಟ್ಟಿ ಮುಗಿದ ಮೇಲೆ ಅನಲೈಜ್ ಒಮ್ಮೆ ಓಡಿಸಬೇಕು.